ನೆರೆ ಇಳಿದ ಮೇಲೆ ಎಂತ ಮಾತಾಡುವುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಗಾಲ ಶುರುವಾಗುವ ಮೊದಲು ಉಡುಪಿ, ಮಂಗಳೂರು ಕಡೆಯ ಯುವಕ ಮಂಡಲ, ಸ್ವಸಹಾಯ ಗುಂಪು, ಕಾಲೇಜಿನ ಎನ್‌ಎಸ್‌ಎಸ್ ಘಟಕ ಅಂತ ನಾಲ್ಕಾರು ಕಡೆ ಮಾತಾಡಲು ನನ್ನನ್ನು ಕರೆಯುತ್ತಾರೆ. ನಾನು ಡಾಕ್ಟರ್ ಅಲ್ಲ. ನೆರೆ ಬಂದಾಗ, ಗುಡ್ಡ ಜರಿದಾಗ ಜನರ ಜೊತೆ ಕೂತು ಬಂದವಳು, ಅಷ್ಟೇ. ಹಗ್ಗ ಕಟ್ಟುವುದು, ದೋಣಿ ಇಳಿಸುವುದು, ಬಿದ್ದ ಮರ ಕಡಿಯುವುದು ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರಿಗೆ ಕೈಕಾಲು ಆಡದೆ ಹೋಗುವುದು ಆಮೇಲೆ. ನೀರು ಇಳಿದು, ಮನೆಯವರು ಜಗಲಿಯಲ್ಲಿ ಸುಮ್ನೆ ಕೂತಿರುತ್ತಾರಲ್ಲ, ಆಗ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

ಇದು ಕೌನ್ಸೆಲಿಂಗಾ? ನನಗೆ ಅದೆಲ್ಲ ಬರುವುದಿಲ್ಲ.

ಅಲ್ಲ. ಬಿದ್ದು ಗಾಯವಾದವರಿಗೆ ಬಟ್ಟೆ ಕಟ್ಟಲು ಡಾಕ್ಟರೇ ಆಗಬೇಕು ಅಂತಿಲ್ಲ, ಅಲ್ವಾ? ಇದೂ ಹಾಗೆಯೇ. ಮನಸ್ಸಿನ ಪ್ರಥಮ ಚಿಕಿತ್ಸೆ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇನ್ನೆರಡು ಸಂಸ್ಥೆಗಳ ಜೊತೆ ಸೇರಿ 2011ರಲ್ಲಿ ಇದಕ್ಕೊಂದು ಕೈಪಿಡಿ ತಂದಿತು. ಅದರ ತಿರುಳು ಮೂರೇ ಶಬ್ದ: ನೋಡು, ಕೇಳು, ಜೋಡಿಸು. ಜಾಗ ಸುರಕ್ಷಿತವಾ, ಯಾರಿಗೆ ತುರ್ತಾಗಿ ಸಹಾಯ ಬೇಕು ಅಂತ ನೋಡಬೇಕು. ಹತ್ತಿರ ಹೋಗಿ, ಎಂತ ಬೇಕು ಅಂತ ವಿಚಾರಿಸಿ, ಅವರು ಹೇಳಿದ್ದನ್ನು ಕೇಳಬೇಕು. ಆಮೇಲೆ ಅವರಿಗೆ ಬೇಕಾದ ಜನ, ಮಾಹಿತಿ, ಸೌಲಭ್ಯಕ್ಕೆ ಅವರನ್ನು ಮುಟ್ಟಿಸಬೇಕು.

ನಮ್ಮವರು ಎಡವುವುದು ಮೂರನೆಯದರಲ್ಲಿ. ಕಿವಿಗೊಟ್ಟು ಕೇಳುತ್ತಾರೆ, ತಾವೂ ಕಣ್ಣು ಒರೆಸಿಕೊಳ್ಳುತ್ತಾರೆ, ಎದ್ದು ಬರುತ್ತಾರೆ. ಆ ಮನೆಯ ಅಜ್ಜನ ಫೋನ್ ನೀರಿಗೆ ಬಿದ್ದು ಹಾಳಾಗಿದೆ, ಮುಂಬೈಯಲ್ಲಿರುವ ಮಗನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ ಅನ್ನುವುದು ಯಾರಿಗೂ ಹೊಳೆದಿರುವುದಿಲ್ಲ. ನಿಮ್ಮ ಫೋನಿನಿಂದ ಆ ಒಂದು ಕರೆ ಮಾಡಿಸಿ. ಅರ್ಧ ಗಂಟೆ ಸಮಾಧಾನ ಹೇಳಿದ್ದಕ್ಕಿಂತ ಜಾಸ್ತಿ ಕೆಲಸ ಅದರಿಂದ ಆಗುತ್ತದೆ.

ಮೊದಲ ಮಾತು ಎಂತದು?

ನಿಮ್ಮ ಹೆಸರು, ಯಾವ ಊರಿನವರು, ಯಾಕೆ ಬಂದಿದ್ದೀರಿ. ಆಮೇಲೆ ಊಟ ಆಯ್ತಾ ಅಂತ ಕೇಳಿ. ನಮ್ಮ ಕಡೆ ಇದು ಬರೀ ಉಪಚಾರದ ಮಾತಲ್ಲ. “ಒಣಸ್ ಆಂಡಾ?” ಅಂದರೆ ಎದುರಿನವರ ಮುಖ ಸ್ವಲ್ಪ ಸಡಿಲ ಆಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಭಾಷೆ ದೊಡ್ಡ ವಿಷಯ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪ್ರ ಕನ್ನಡ ಆಡುವವರು ದುಃಖವನ್ನು ಪುಸ್ತಕದ ಕನ್ನಡದಲ್ಲಿ ಹೇಳುವುದಿಲ್ಲ. ನಿಮಗೆ ಅವರ ಭಾಷೆ ಬಂದರೆ ಅದರಲ್ಲೇ ಮಾತಾಡಿ. ತುಳುವಿನಲ್ಲಾದರೆ ಹಿರಿಯರಿಗೆ ‘ಈರ್’ (ನೀವು) ಅನ್ನುವುದನ್ನು ಮರೆಯಬೇಡಿ. ಸಂಕಟದಲ್ಲಿದ್ದಾರೆ ಅಂತ ಮಕ್ಕಳನ್ನು ಮಾತಾಡಿಸಿದ ಹಾಗೆ ಮಾತಾಡಿಸಿದರೆ ಅವರಿಗೆ ನೋವಾಗುತ್ತದೆ. ಇನ್ನು ಮಲ್ಪೆಯ ಬೋಟುಗಳಲ್ಲಿ, ಬೈಕಂಪಾಡಿ ಕಡೆಯ ಕೆಲಸಗಳಲ್ಲಿ ಒಡಿಶಾ, ಜಾರ್ಖಂಡ್, ಬಂಗಾಳದ ಹುಡುಗರಿದ್ದಾರೆ. ನೆರೆ ಬಂದಾಗ ಅವರ ಬಾಡಿಗೆ ರೂಮಿಗೂ ನೀರು ನುಗ್ಗುತ್ತದೆ. ಅವರನ್ನು ಯಾರೂ ವಿಚಾರಿಸುವುದಿಲ್ಲ. ಹರಕು ಹಿಂದಿಯಾದರೂ ಸಾಕು, ಹೋಗಿ ಕೇಳಿ.

ನಿಂತು ಮಾತಾಡಬೇಡಿ. ಅವರು ನೆಲದಲ್ಲಿ ಕೂತಿದ್ದರೆ ನೀವೂ ನೆಲದಲ್ಲೇ ಕೂತುಕೊಳ್ಳಿ.

ಹೇಳಲೇಬಾರದ ಮಾತು ಯಾವುದಾದರೂ ಉಂಟಾ?

ಉಂಟು. ನಾನೇ ಹೇಳಿ ಕಲಿತದ್ದು. ಶುರುವಿನಲ್ಲಿ ಒಂದು ಮನೆಗೆ ಹೋಗಿದ್ದೆ. ಗೋಡೆ ಕುಸಿದು ಬಿದ್ದಿತ್ತು. ಅಜ್ಜಿ ಒಬ್ಬರು ಒದ್ದೆ ಅಕ್ಕಿಯ ಗೋಣಿಯ ಪಕ್ಕ ಕೂತಿದ್ದರು. ನಾನು ಅವರ ಕೈ ಹಿಡಿದು “ಎಲ್ಲ ಸರಿಯಾಗ್ತದೆ ಅಜ್ಜಿ” ಅಂದೆ. ಅವರು ನನ್ನ ಮುಖ ನೋಡಿ ಕೇಳಿದರು, “ನಿನಗೆ ಹೇಗೆ ಗೊತ್ತು ಮಗಾ?” ಅದರಲ್ಲಿ ಸಿಟ್ಟೇನೂ ಇರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

“ಜೀವ ಉಳಿಯಿತಲ್ಲ, ಅದೇ ಪುಣ್ಯ”, “ನಿಮಗಿಂತ ಆಚೆಮನೆಯವರಿಗೆ ಜಾಸ್ತಿ ಹೋಗಿದೆ”, “ಹಣೆಬರಹ”, “ದೇವರು ಒಳ್ಳೆಯವರನ್ನು ಬೇಗ ಕರೆಯುತ್ತಾನೆ” ಇವೆಲ್ಲ ಅದೇ ಜಾತಿಯ ಮಾತು. ಹೇಳುವವರ ಹೆದರಿಕೆ ಕಡಿಮೆ ಮಾಡಲು ಹೇಳುವಂಥದ್ದು. ಹಣೆಬರಹ ಅಂತ ಅವರೇ ಅಂದರೆ ಸುಮ್ನೆ ತಲೆಯಾಡಿಸಿ. ನೀವು ಮೊದಲು ಅನ್ನಬೇಡಿ. “ಮಂಡೆಬೆಚ್ಚ ಮಾಡಬೇಡಿ”, ಅಂದರೆ ಚಿಂತೆ ಮಾಡಬೇಡಿ, ಅನ್ನುವುದು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಮನೆ ಕಳೆದುಕೊಂಡವರು ಮಂಡೆಬೆಚ್ಚ ಮಾಡದೆ ಇನ್ನೆಂತ ಮಾಡಬೇಕು?

ನಾಳೆ ಬರುತ್ತೇನೆ ಅಂದರೆ ನಾಳೆ ಹೋಗಲೇಬೇಕು. ಹೋಗಲು ಆಗದು ಅನ್ನಿಸಿದರೆ ಬರುತ್ತೇನೆ ಅನ್ನಬೇಡಿ. ಪರಿಹಾರ ಎಷ್ಟು ಸಿಗುತ್ತದೆ, ಯಾವಾಗ ಸಿಗುತ್ತದೆ ಅಂತ ಖಚಿತವಾಗಿ ಗೊತ್ತಿಲ್ಲದೆ ಬಾಯಿ ಬಿಡಬೇಡಿ.

ನಡೆದದ್ದನ್ನೆಲ್ಲ ಒಮ್ಮೆ ಹೇಳಿಸಿಬಿಟ್ಟರೆ ಮನಸ್ಸು ಹಗುರ ಆಗುವುದಿಲ್ವಾ?

ಎಲ್ಲರೂ ಹೀಗೆ ನಂಬಿದ್ದ ಕಾಲ ಒಂದಿತ್ತು. ಘಟನೆ ನಡೆದ ಬೆನ್ನಿಗೇ ಜನರನ್ನು ಗುಂಪಾಗಿ ಕೂರಿಸಿ, ಏನು ಕಂಡಿರಿ, ಹೇಗನ್ನಿಸಿತು ಅಂತ ಬಿಡಿಸಿ ಬಿಡಿಸಿ ಕೇಳುವ ಪದ್ಧತಿ. ಅದರಿಂದ ಮುಂದೆ ಬರುವ ತೊಂದರೆ ತಪ್ಪುವುದಿಲ್ಲ, ಕೆಲವರಿಗೆ ಜಾಸ್ತಿಯೇ ಆಗಬಹುದು ಅಂತ ಆಮೇಲಿನ ಅಧ್ಯಯನಗಳು ತೋರಿಸಿದವು. ಈಗ ವಿಶ್ವ ಆರೋಗ್ಯ ಸಂಸ್ಥೆಯೂ ಅದು ಬೇಡ ಅನ್ನುತ್ತದೆ. ಅವರಾಗಿ ಹೇಳಿದರೆ ಕೇಳಿ. ಒಂದೇ ಕಥೆಯನ್ನು ನಾಲ್ಕು ಸಲ ಹೇಳಿದರೆ ನಾಲ್ಕು ಸಲವೂ ಕೇಳಿ. ಹೇಳದಿದ್ದರೆ ಕೆದಕಬೇಡಿ. ಟಿವಿಯವರಿಗೆ, ತಹಶೀಲ್ದಾರರಿಗೆ, ದೂರದ ನೆಂಟರಿಗೆ ಅಂತ ಅವರು ಬೆಳಗ್ಗಿನಿಂದ ಹೇಳುತ್ತಲೇ ಇದ್ದಾರೆ. ನಿಮಗೂ ಒಂದು ಸಲ ಹೇಳಬೇಕಾ?

ಒಬ್ಬರು ಅಳುವುದೇ ಇಲ್ಲ. ಕಲ್ಲಿನ ಹಾಗೆ ಕೂತಿದ್ದಾರೆ. ಅಳಿಸಬೇಕಾ?

ಬೇಡ. ಮೊದಲ ಕೆಲವು ದಿನ ಅಳು ಬಾರದಿರುವುದು, ಮೈ ಮರಗಟ್ಟಿದ ಹಾಗಿರುವುದು, ನಿದ್ದೆ ಇಲ್ಲದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಸುಮ್ನೆ ಸಿಟ್ಟು ಬರುವುದು ಎಲ್ಲ ಸಾಮಾನ್ಯ. ಹೆಚ್ಚಿನವರಲ್ಲಿ ಇದು ದಿನ ಕಳೆದ ಹಾಗೆ ತಾನಾಗಿ ಇಳಿಯುತ್ತದೆ. ಆದರೆ ಊಟ, ನೀರು ಪೂರ್ತಿ ಬಿಟ್ಟಿದ್ದರೆ, ಎಲ್ಲಿದ್ದೇನೆ ಅನ್ನುವುದೇ ಗೊತ್ತಿಲ್ಲದ ಹಾಗಿದ್ದರೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಕಾಳಜಿ ಕೇಂದ್ರದಲ್ಲಿ ನಾವು ಮಾಡಬಹುದಾದದ್ದು ಎಂತ?

ಹಿಂದೆ ಗಂಜಿ ಕೇಂದ್ರ ಅನ್ನುತ್ತಿದ್ದರು, ಈಗ ಕಾಳಜಿ ಕೇಂದ್ರ. ಹೆಸರು ಚೆನ್ನಾಗಿದೆ. ಜಾಗ ಮಾತ್ರ ಅದೇ, ಸರಕಾರಿ ಶಾಲೆಯ ಹಾಲ್, ಬೆಂಚು ಸರಿಸಿ ಹಾಸಿದ ಚಾಪೆ.

ಅಲ್ಲಿ ಜನರನ್ನು ಜಾಸ್ತಿ ಕುಗ್ಗಿಸುವುದು ಕೆಲಸವಿಲ್ಲದೆ ಕೂರುವುದು. ದಿನಾ ಬೆಳಗ್ಗೆ ಐದಕ್ಕೆ ಎದ್ದು ಹಟ್ಟಿ ಗುಡಿಸುತ್ತಿದ್ದ ಹೆಂಗಸಿಗೆ ಯಾರೋ ತಟ್ಟೆಯಲ್ಲಿ ಉಪ್ಪಿಟ್ಟು ತಂದುಕೊಟ್ಟರೆ ಅವರು ಕೃತಜ್ಞತೆಯಿಂದಲೇ ತಿನ್ನುತ್ತಾರೆ, ಒಳಗೊಳಗೇ ಕುಸಿಯುತ್ತಾರೆ. ಅಡುಗೆಗೆ ಅವರನ್ನೂ ಸೇರಿಸಿಕೊಳ್ಳಿ. ತೆಂಗಿನಕಾಯಿ ತುರಿಯುವುದಾಗಲಿ, ಅಕ್ಕಿ ತೊಳೆಯುವುದಾಗಲಿ, ಏನಾದರೂ. ಒಂದು ಕೇಂದ್ರದಲ್ಲಿ ಮೂರು ದಿನ ಬೆಳ್ತಿಗೆ ಅನ್ನ, ಸಾಂಬಾರು. ನಾಲ್ಕನೇ ದಿನ ಅಲ್ಲಿನ ಹೆಂಗಸರೇ ಕುಚ್ಚಲಕ್ಕಿ ತರಿಸಿ ಗಂಜಿ ಮಾಡಿದರು. ಜೊತೆಗೆ ಮಾವಿನ ಉಪ್ಪಿನಕಾಯಿ. ಅವತ್ತು ಆ ಹಾಲಿನಲ್ಲಿ ಮೊದಲ ಸಲ ಯಾರೋ ನಕ್ಕದ್ದು ಕೇಳಿಸಿತು.

ಇನ್ನೊಂದು, ಮರೆ. ಒಂದು ಹಗ್ಗ, ನಾಲ್ಕು ಹಳೇ ಸೀರೆ ಇದ್ದರೆ ಬಟ್ಟೆ ಬದಲಿಸಲು, ಮಗುವಿಗೆ ಹಾಲು ಕೊಡಲು ಮೂಲೆ ಆಗುತ್ತದೆ. ರಾತ್ರಿ ಶೌಚಾಲಯದ ದಾರಿಗೆ ಒಂದು ಲೈಟ್ ಬೇಕು. ಇದಕ್ಕೂ ಮನಸ್ಸಿಗೂ ಎಂತ ಸಂಬಂಧ ಅಂತ ಕೇಳುವ ಗಂಡಸರಿಗೆ ನಾನು ಉತ್ತರ ಕೊಡುವುದಿಲ್ಲ. ಅವರ ಮನೆಯ ಹೆಂಗಸರನ್ನು ಕೇಳಲು ಹೇಳುತ್ತೇನೆ.

ಸುದ್ದಿಯೂ ಅಷ್ಟೇ ಮುಖ್ಯ. “ಮೇಲಿನ ಗುಡ್ಡ ಬಿರುಕು ಬಿಟ್ಟಿದೆಯಂತೆ” ಅಂತ ಒಂದು ವಾಟ್ಸಾಪ್ ಬಂದರೆ ಆ ರಾತ್ರಿ ಯಾರೂ ಮಲಗುವುದಿಲ್ಲ. ಜಿಲ್ಲಾಡಳಿತದ ಕಂಟ್ರೋಲ್ ರೂಮಿಗೆ 1077ಕ್ಕೆ ಕರೆ ಮಾಡಿ, ಕೇಳಿ, ತಿಳಿದದ್ದನ್ನು ಕಪ್ಪು ಹಲಗೆಯಲ್ಲಿ ಬರೆದು ಹಾಕಿ. ಶಾಲೆಯಲ್ಲೇ ಇದ್ದೀರಲ್ಲ, ಹಲಗೆಗೆ, ಸೀಮೆಸುಣ್ಣಕ್ಕೆ ಬರವಿಲ್ಲ.

ಫೋಟೋ ತೆಗೆಯಬೇಡಿ. ಅಕ್ಕಿ ಚೀಲ ಕೊಡುವಾಗಂತೂ ತೆಗೆಯಲೇಬೇಡಿ.

ಪರಿಹಾರದ ಅರ್ಜಿ ಬರೆದುಕೊಡುವುದೂ ಮಾನಸಿಕ ಬೆಂಬಲವಾ?

ನನ್ನ ಲೆಕ್ಕದಲ್ಲಿ ಅದೇ ಮೊದಲನೆಯದು. ಆಧಾರ್, ಪಡಿತರ ಚೀಟಿ, ಆರ್‌ಟಿಸಿ, ಬ್ಯಾಂಕ್ ಪಾಸ್‌ಬುಕ್ ಎಲ್ಲ ನೀರಿನಲ್ಲಿ ಹೋಗಿರುತ್ತದೆ. ಗ್ರಾಮ ಆಡಳಿತಾಧಿಕಾರಿ ಬಂದು ಮಹಜರು ಮಾಡುವ ದಿನ ಮನೆಯವರು ಊರಲ್ಲಿ ಇರಬೇಕು. ಅವರು ಯಾವಾಗ ಬರುತ್ತಾರೆ ಅಂತ ಅವರ ಸಹಾಯಕ ಉಗ್ರಾಣಿಯನ್ನು ಕೇಳಿಟ್ಟುಕೊಳ್ಳಿ. ಕೆಸರು ಬಳಿದು ತೆಗೆಯುವ ಮೊದಲು ಮನೆಯವರದೇ ಫೋನಿನಲ್ಲಿ ಹಾನಿಯ ಫೋಟೋ ತೆಗೆಸಿಡಿ. (ಈ ಫೋಟೋ ತೆಗೆಯಬಹುದು.) ಕಚೇರಿಗೆ ಹೋಗುವಾಗ ಜೊತೆಗೆ ಹೋಗಿ. ಅವರ ಪರವಾಗಿ ನೀವೇ ಮಾತಾಡಿ ಮುಗಿಸಬೇಡಿ, ಪಕ್ಕದಲ್ಲಿ ನಿಂತಿರಿ. ನನ್ನ ಪರಿಚಯದ ಒಬ್ಬರು ಒಂದು ಸಹಿಗಾಗಿ ಒಂದೇ ಕಚೇರಿಗೆ ಐದು ಸಲ ಹೋಗಬೇಕಾಯಿತು. ಐದನೇ ಸಲ ಬರುವಾಗ ಬಸ್ಸಿನಲ್ಲಿ ಅತ್ತರು. ಮನೆ ಬಿದ್ದ ದಿನ ಅವರು ಅತ್ತಿರಲಿಲ್ಲ.

ಒಬ್ಬರು ದನಕ್ಕಾಗಿ ಅಳುತ್ತಿದ್ದಾರೆ. ಇನ್ನೊಬ್ಬರು ತೋಟ ನೋಡಲು ಹೋಗುವುದೇ ಇಲ್ಲ. ಇದು ಅತಿಯಾಯಿತಾ?

ಖಂಡಿತ ಇಲ್ಲ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು, ಹೊಳೆ ದಿಕ್ಕು ಬಿಟ್ಟು ಹರಿದು, ತೋಟಗಳ ಮೇಲೆ ಮರಳು ಮತ್ತು ಮರದ ದಿಮ್ಮಿ ಬಂದು ಕೂತವು. ಅಡಿಕೆ ಸಸಿ ನೆಟ್ಟರೆ ಫಲ ಕಾಣಲು ಐದಾರು ವರ್ಷ ಬೇಕು. ಅರುವತ್ತೈದರ ರೈತನಿಗೆ ಅದು ಬರೀ ಆದಾಯದ ಲೆಕ್ಕ ಆಗುವುದಿಲ್ಲ. ಮತ್ತೆ ಶುರು ಮಾಡುವಷ್ಟು ಆಯುಷ್ಯ ನನಗುಂಟಾ ಅನ್ನುವ ಲೆಕ್ಕ. ಅಪ್ಪ ನೆಟ್ಟ ಮರ, ತಾನೇ ತೋಡಿದ ಕಣಿ, ಎಲ್ಲದರ ಗುರುತು ಹೋಗಿರುತ್ತದೆ. ಹಟ್ಟಿಯಲ್ಲಿ ಕಟ್ಟಿದ್ದ ದನದ ಹಗ್ಗ ಬಿಚ್ಚಲು ಆಗಲಿಲ್ಲ ಅನ್ನುವ ನೋವು ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೆ ಹೆಸರಿತ್ತಾ ಅಂತ ಕೇಳಿ ನೋಡಿ. ಹೇಳುತ್ತಾರೆ.

ತೋಟ ನೋಡಲು ಹೋಗದವರನ್ನು ಎಳೆದುಕೊಂಡು ಹೋಗಬೇಡಿ. “ಹೋಗುವ ದಿನ ನಾನೂ ಬರ್ತೇನೆ” ಅಂತ ಹೇಳಿಡಿ.

ಮಕ್ಕಳಿಗೆ ಎಂತ ಹೇಳುವುದು? ಆರು ವರ್ಷದವನು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ.

ಬೈಯಬೇಡಿ. ಮಕ್ಕಳು ಹೆದರಿದಾಗ ಎರಡು ಹೆಜ್ಜೆ ಹಿಂದಕ್ಕೆ ಹೋಗುತ್ತಾರೆ. ಬೆರಳು ಚೀಪುವುದು, ಅಮ್ಮನ ಸೆರಗು ಬಿಡದಿರುವುದು, ಒಬ್ಬರೇ ಮಲಗಲು ಒಪ್ಪದಿರುವುದು ಎಲ್ಲ ಬರುತ್ತದೆ. ಹೆಚ್ಚಾಗಿ ಕೆಲವು ವಾರಗಳಲ್ಲಿ ಹೋಗುತ್ತದೆ. ಅವರನ್ನು ದೂರದ ನೆಂಟರ ಮನೆಗೆ ಕಳಿಸಿ ಮನೆ ಸರಿ ಮಾಡೋಣ ಅಂತ ಹಿರಿಯರಿಗೆ ಅನ್ನಿಸುತ್ತದೆ. ಸಾಧ್ಯವಾದಷ್ಟು ಅಪ್ಪ ಅಮ್ಮನ ಜೊತೆಯೇ ಇರಲಿ.

ಮಕ್ಕಳು ನೆರೆಯ ಆಟ ಆಡುತ್ತಾರೆ. ಬೆಂಚು ದೋಣಿ ಆಗುತ್ತದೆ, ಒಬ್ಬ ಮುಳುಗುತ್ತಾನೆ, ಇನ್ನೊಬ್ಬ ಎತ್ತುತ್ತಾನೆ. ದೊಡ್ಡವರು “ಅಪಶಕುನ, ನಿಲ್ಸಿ” ಅಂತ ಗದರುತ್ತಾರೆ. ಬಿಡಿ, ಆಡಲಿ. ಅವರು ಅದನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುವ ರೀತಿ ಅದು. ದಿನಾ ಆಡಿದರೂ ಹೆದರಿಕೆ ಕಡಿಮೆಯಾಗದೆ ಜಾಸ್ತಿಯೇ ಆಗುತ್ತಿದ್ದರೆ ಮಾತ್ರ ಗಮನಿಸಿ.

ಯಾರಾದರೂ ತೀರಿಕೊಂಡಿದ್ದರೆ ತೀರಿಕೊಂಡಿದ್ದಾರೆ ಅಂತಲೇ ಹೇಳಿ. “ಅಜ್ಜ ಮಲಗಿದ್ದಾರೆ” ಅಂದರೆ ಮಗು ರಾತ್ರಿ ಕಣ್ಣು ಮುಚ್ಚಲು ಹೆದರುತ್ತದೆ. “ದುಬೈಗೆ ಹೋಗಿದ್ದಾರೆ” ಅಂದರೆ ಫೋನ್ ಯಾಕೆ ಬರಲಿಲ್ಲ ಅಂತ ಕಾಯುತ್ತದೆ. ನಾನು ಹಟ ಮಾಡಿದ್ದಕ್ಕೆ ಹೀಗಾಯ್ತಾ ಅನ್ನುವ ಸಂಶಯ ಸಣ್ಣ ಮಕ್ಕಳಲ್ಲಿ ಇರುತ್ತದೆ. ಅಲ್ಲ ಅಂತ ನಾವೇ ಹೇಳಬೇಕು.

ಶಾಲೆ ಬೇಗ ಶುರುವಾದಷ್ಟು ಒಳ್ಳೆಯದು. ಆದರೆ ಒಂದು ಮಾತು ಶಿಕ್ಷಕರಿಗೆ. ಮಳೆಗೆ ರಜೆ ಅಂದಾಗ ಉಳಿದ ಮಕ್ಕಳು ಕುಣಿಯುತ್ತಾರೆ. ನೆರೆ ಕಂಡ ಮಗುವಿಗೆ ರೆಡ್ ಅಲರ್ಟ್ ಅಂದರೆ ರಜೆ ಅಲ್ಲ. ಆ ಸಂಜೆ ಅವರ ಮನೆಗೆ ಒಂದು ಫೋನ್ ಮಾಡಿ.

ತೀರಿಕೊಂಡವರ ದೇಹವನ್ನು ಮನೆಯವರಿಗೆ ತೋರಿಸಬೇಕಾ?

2010ರ ಮೇ 22ರಂದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲಿ ವಿಮಾನ ದುರಂತ ಆದಾಗ 158 ಜನ ತೀರಿಕೊಂಡರು, 8 ಜನ ಬದುಕಿದರು. ಸುಟ್ಟ ದೇಹಗಳ ಗುರುತು ಹಿಡಿಯಲು ಡಿಎನ್‌ಎ ಪರೀಕ್ಷೆ ಮಾಡಬೇಕಾಯಿತು. ಗುರುತು ಸಿಗದವರನ್ನು ಕೂಳೂರು ಬಳಿಯ ತಣ್ಣೀರುಬಾವಿ ಕಡೆ ಒಟ್ಟಿಗೆ ಮಣ್ಣು ಮಾಡಿದರು. ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆ ಕೇಳುವಾಗ ಎಷ್ಟೋ ಜನರ ಮನಸ್ಸಿನಲ್ಲಿ ಆ ದಿನ ಇರುತ್ತದೆ.

ತೋರಿಸಬೇಕು, ತೋರಿಸಬಾರದು ಅಂತ ನಾವು ತೀರ್ಮಾನಿಸುವುದಲ್ಲ. “ನೀವು ನೋಡಬೇಡಿ, ತಡೆಯಲಿಕ್ಕೆ ಆಗ್ಲಿಕ್ಕಿಲ್ಲ” ಅಂತ ಅಡ್ಡ ನಿಲ್ಲುವುದು ಪ್ರೀತಿಯಿಂದಲೇ. ಆದರೆ ನೋಡದೆ ಉಳಿದವರಲ್ಲಿ ಅದು ಅವರೇ ಹೌದಾ ಅನ್ನುವ ಪ್ರಶ್ನೆ ಎಷ್ಟೋ ಸಲ ಹಾಗೇ ಉಳಿದುಬಿಡುತ್ತದೆ. ಒಳಗೆ ಹೋಗುವ ಮೊದಲು ದೇಹ ಯಾವ ಸ್ಥಿತಿಯಲ್ಲಿದೆ ಅಂತ ಮೆಲ್ಲಗೆ, ಮುಚ್ಚಿಡದೆ ತಿಳಿಸಿ. ಮುಖ ನೋಡುವ ಹಾಗಿಲ್ಲದಿದ್ದರೆ ಕೈ ಮಾತ್ರ ನೋಡಬಹುದಾ, ಉಂಗುರ, ಬಟ್ಟೆ ನೋಡಿದರೆ ಸಾಕಾ ಅಂತ ಕೇಳಿ. ಜೊತೆಗೆ ಒಬ್ಬರು ಹೋಗಿ. ಬೇಡ ಅಂದರೆ ಬೇಡ. ಅದಕ್ಕೂ ಅಷ್ಟೇ ಮರ್ಯಾದೆ ಕೊಡಿ.

ಕಡಲಿಗೆ ಹೋದವರು ಬರಲೇ ಇಲ್ಲ. ಆ ಮನೆಗೆ ಹೋಗಿ ಎಂತ ಹೇಳುವುದು?

ಇದು ಎಲ್ಲಕ್ಕಿಂತ ಕಷ್ಟದ್ದು. 2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿ ಮೀನುಗಾರರ ಸಮೇತ ಕಾಣೆಯಾಯಿತು. ಮಹಾರಾಷ್ಟ್ರದ ಮಾಲ್ವಣ್ ಸಮೀಪ ಕಡಲ ತಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆ ಪತ್ತೆ ಹಚ್ಚಿದ್ದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ ಹೇಗೆ ಕಳೆದಿರಬಹುದು ಅಂತ ಯೋಚಿಸಿ. ಯಾರಾದರೂ ಹಿಡಿದಿಟ್ಟಿರಬಹುದಾ, ಬೇರೆ ದಡ ಸೇರಿರಬಹುದಾ? ದಿನಕ್ಕೊಂದು ಸುದ್ದಿ.

ಹೀಗೆ ಇದ್ದಾರೋ ಇಲ್ಲವೋ ಗೊತ್ತಾಗದ ಅಗಲಿಕೆಯ ಬಗ್ಗೆ ಅಮೆರಿಕದ ಪಾಲಿನ್ ಬಾಸ್ ಎಂಬ ಸಂಶೋಧಕಿ 1970ರ ದಶಕದಿಂದ ಕೆಲಸ ಮಾಡಿದ್ದಾರೆ. ಅವರು ಹೇಳುವುದು ಇಷ್ಟು: ಇಂಥ ದುಃಖ ಮುಗಿಯದಿದ್ದರೆ ಅದು ಆ ಮನೆಯವರ ದೌರ್ಬಲ್ಯವಲ್ಲ, ಪರಿಸ್ಥಿತಿಯೇ ಹಾಗಿದೆ. ನಮಗೆ ಕಡಲ ತಡಿಯಲ್ಲಿ ಇದು ಹೊಸತಲ್ಲ. ಉತ್ತರಕ್ರಿಯೆ ಮಾಡಲು ಮನಸ್ಸು ಒಪ್ಪುವುದಿಲ್ಲ, ಮಾಡದೆ ಇರಲೂ ಆಗುವುದಿಲ್ಲ. ಹೆಂಡತಿ ಕುಂಕುಮ ಇಡಬೇಕಾ ಬೇಡವಾ ಅಂತ ಊರೇ ಮಾತಾಡುತ್ತದೆ.

ಆ ಮನೆಗೆ ಹೋದಾಗ “ಬರ್ತಾರೆ” ಅನ್ನಬೇಡಿ. “ಇನ್ನು ಆಸೆ ಬಿಡಿ” ಅಂತಲೂ ಅನ್ನಬೇಡಿ. ಎರಡೂ ನಮಗೆ ಗೊತ್ತಿಲ್ಲದ ಮಾತು. ಒಂದೇ ಮನೆಯಲ್ಲಿ ತಾಯಿ ಕಾಯುತ್ತಿರಬಹುದು, ತಮ್ಮ ಒಪ್ಪಿಕೊಂಡಿರಬಹುದು. ಇಬ್ಬರನ್ನೂ ಒಂದೇ ದಾರಿಗೆ ತರಲು ಹೋಗಬೇಡಿ. ಹುಡುಕಾಟದ ಸುದ್ದಿ ಮನೆಗೆ ತರಲು ಒಬ್ಬರೇ ಇರಲಿ, ದಿನಾ ಒಂದೇ ಹೊತ್ತಿಗೆ ಬರಲಿ, ಸುದ್ದಿ ಇಲ್ಲದಿದ್ದರೆ ಇಲ್ಲ ಅಂತ ಹೇಳಲಾದರೂ ಬರಲಿ. ಬಂದರಿನಲ್ಲಿ ಗಾಳಿಸುದ್ದಿ ಹುಟ್ಟುವುದು ಯಾರೂ ಬಾರದ ದಿನಗಳಲ್ಲಿ.

ಸಾಲದ ಕಂತು, ಮಕ್ಕಳ ಫೀಸು ನಿಲ್ಲುವುದಿಲ್ಲ. ಕಾನೂನಿನ ಪ್ರಕಾರ ಏಳು ವರ್ಷ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಮರಣ ಹೊಂದಿದ್ದಾರೆ ಅಂತ ಊಹಿಸಬಹುದು. ಅದಕ್ಕಿಂತ ಮೊದಲು ಪರಿಹಾರ ಸಿಗಬೇಕಾದರೆ ಸರಕಾರದ ಮಟ್ಟದಲ್ಲಿ ಓಡಾಡಬೇಕು. ಮೀನುಗಾರರ ಸಂಘ, ಮೀನುಗಾರಿಕೆ ಇಲಾಖೆ, ಉಚಿತ ಕಾನೂನು ನೆರವಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. ಈ ಓಡಾಟ ನೀವು ವಹಿಸಿಕೊಳ್ಳಿ.

ಮನೆಯವರು ಜ್ಯೋತಿಷಿಯ ಹತ್ತಿರ ಪ್ರಶ್ನೆ ಇಡಿಸುತ್ತಾರೆ, ದೈವದ ಹತ್ತಿರ ಕೇಳುತ್ತಾರೆ. ತಡೆಯಬೇಕಾ?

ಯಾಕೆ ತಡೆಯಬೇಕು? ಕಡಲಿನವರ ದೈವ ಬೊಬ್ಬರ್ಯನ ಗುಡಿಯಲ್ಲಿ ಊರವರೆಲ್ಲ ಸೇರಿ ಪ್ರಾರ್ಥನೆ ಮಾಡಿದರೆ, ಚರ್ಚಿನಲ್ಲಿ ಪೂಜೆ ಆದರೆ, ಮಸೀದಿಯಲ್ಲಿ ದುಆ ಆದರೆ ನೊಂದವರ ಸುತ್ತ ಜನ ಸೇರುತ್ತಾರೆ. ನಾವು ಮಾಡಬೇಕು ಅಂತಿರುವುದೂ ಅದನ್ನೇ ತಾನೇ? ಬೊಜ್ಜದ (ಉತ್ತರಕ್ರಿಯೆಯ) ಊಟಕ್ಕೆ ಊರು ಬಂದು ಎಲೆ ಹಾಕಿ ಬಡಿಸುವುದು ಯಾವ ಕೌನ್ಸೆಲಿಂಗಿಗೂ ಕಡಿಮೆಯಲ್ಲ.

ಎರಡು ಕಡೆ ಮಾತ್ರ ನಾನು ಬಾಯಿ ಬಿಡುತ್ತೇನೆ. ಒಂದು, “ನಿನ್ನ ದೋಷದಿಂದಲೇ ಹೀಗಾಯ್ತು” ಅಂತ ಮನೆಯ ಒಬ್ಬರ ತಲೆಗೆ ಕಟ್ಟಿದಾಗ. ಅದು ಹೆಚ್ಚಾಗಿ ಸೊಸೆಯ ತಲೆಗೇ ಬರುತ್ತದೆ. ಇನ್ನೊಂದು, ನಡೆಯುತ್ತಿದ್ದ ಮಾತ್ರೆ ನಿಲ್ಲಿಸಲು ಹೇಳಿದಾಗ. “ಅದನ್ನೂ ಮಾಡುವಾ, ಇದನ್ನೂ ಬಿಡುವುದು ಬೇಡ” ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ನಾನು ಬೇರೆ ಧರ್ಮದವನು. ಆ ಮನೆಗೆ ಹೋದರೆ ಸರಿಯಾಗುತ್ತದಾ?

ಈಗಿನ ಕರಾವಳಿಯಲ್ಲಿ ಈ ಪ್ರಶ್ನೆ ಬರುವುದೇ ಬೇಸರ. ಆದರೆ ಬರುತ್ತದೆ, ಅದಕ್ಕೆ ಹೇಳುತ್ತೇನೆ. ಹೋಗಿ. ಎದೆಮಟ್ಟದ ನೀರಿನಲ್ಲಿ ಯಾರು ಯಾರನ್ನು ಎತ್ತಿಕೊಂಡು ಬಂದರು ಅಂತ ಊರಿಗೆ ಗೊತ್ತಿರುತ್ತದೆ. ಮೊದಲ ಸಲ ಅವರಿಗೆ ಪರಿಚಯದವರನ್ನು ಕರೆದುಕೊಂಡು ಹೋಗಿ: ಸಮುದಾಯದ ಮುಖಂಡರಾದ ಗುರಿಕಾರರು, ಜಮಾಅತಿನ ಹಿರಿಯರು, ಚರ್ಚ್ ವಾರ್ಡಿನ ಮುಖಂಡ ಗುರ್ಕಾರ್, ಆಶಾ ಕಾರ್ಯಕರ್ತೆ. ಅವರ ರೀತಿ ತಿಳಿದುಕೊಳ್ಳಿ. ಗಂಡನನ್ನು ಕಳೆದುಕೊಂಡ ಮುಸ್ಲಿಂ ಹೆಣ್ಣುಮಗಳು ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿ, ಅಂದರೆ ಮನೆಯೊಳಗೇ ಉಳಿಯುವ ಶೋಕದ ಅವಧಿಯಲ್ಲಿ, ಇರುತ್ತಾರೆ. ಆ ಮನೆಗೆ ಹೆಂಗಸರು ಹೋಗುವುದೇ ಸರಿ. ಸೂತಕದ ಮನೆಯಲ್ಲಿ ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಅಂತ ಕೇಳಿ ಆಮೇಲೆ ಊಟ ಕಳಿಸಿ. ನಿಮ್ಮ ಧರ್ಮದ ಮಾತು, ನಿಮ್ಮ ಪಕ್ಷದ ಶಾಲು ಎರಡನ್ನೂ ಮನೆಯಲ್ಲೇ ಬಿಟ್ಟು ಬನ್ನಿ.

ಗಂಡಸರು ಮಾತಾಡುವುದೇ ಇಲ್ಲ. ಸಂಜೆಯಾದರೆ ಕುಡಿಯುತ್ತಾರೆ.

ಎದುರು ಬದುರು ಕೂರಿಸಿ “ಹೇಗನ್ನಿಸ್ತದೆ?” ಅಂದರೆ ಯಾರೂ ಬಾಯಿ ಬಿಡಲಿಕ್ಕಿಲ್ಲ. ಜೊತೆಗೆ ಕೆಸರು ಎತ್ತಿ, ಬಲೆ ಬಿಡಿಸಿ, ಹಂಚು ಇಡಿ. ಕೈ ಕೆಲಸದಲ್ಲಿದ್ದಾಗ, ಕಣ್ಣು ಬೇರೆ ಕಡೆ ಇದ್ದಾಗ ಗಂಡಸರು ಮಾತಾಡುತ್ತಾರೆ. ಸಹಾಯಕ್ಕೆ ಬಂದ ಹುಡುಗರೇ ರಾತ್ರಿ “ಬೇಜಾರು ಕಳೀಲಿ” ಅಂತ ಬಾಟಲಿ ತರುವುದನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕುಡಿದ ರಾತ್ರಿ ಕಳೆದೀತು. ಆಮೇಲಿನ ನಿದ್ದೆ ಮತ್ತಷ್ಟು ಹಾಳು.

ನಿದ್ದೆ ಮಾತ್ರೆ ಕೊಡಿಸಬಹುದಾ?

ನಿಮ್ಮ ಮನೆಯದು, ಪಕ್ಕದ ಮನೆಯದು ಯಾವುದೂ ಕೊಡಬೇಡಿ. ದುರಂತದ ಮೊದಲ ತಿಂಗಳಲ್ಲಿ ಬರೀ ಗಾಬರಿಗೆ, ನಿದ್ದೆಗೆ ಅಂತ ಆ ಬಗೆಯ ಮಾತ್ರೆ ಬೇಡ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಇದರ ಉಲ್ಟಾ ಪ್ರಶ್ನೆಯನ್ನು ಪ್ರತಿ ಮನೆಯಲ್ಲೂ ಕೇಳಿ: “ಮೊದಲಿಂದ ತೆಗೆದುಕೊಳ್ತಿದ್ದ ಮಾತ್ರೆ ಏನಾದರೂ ನೀರಿಗೆ ಹೋಗಿದೆಯಾ?” ಮೂರ್ಛೆರೋಗದ ಮಾತ್ರೆ, ಮಾನಸಿಕ ಕಾಯಿಲೆಯ ಮಾತ್ರೆ ಇದ್ದಕ್ಕಿದ್ದ ಹಾಗೆ ನಿಂತರೆ ಅಪಾಯ. ನಾಚಿಕೆಯಿಂದ ಹೇಳಿಕೊಳ್ಳುವುದಿಲ್ಲ. ಒಬ್ಬೊಬ್ಬರನ್ನೇ ಬದಿಗೆ ಕರೆದು ಕೇಳಬೇಕು.

ಡಾಕ್ಟರಿಗೆ ತೋರಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ? ಎಲ್ಲಿಗೆ ಕಳಿಸುವುದು?

ಒಂದು ತಿಂಗಳಾದರೂ ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ಆ ಜಾಗದ ಹತ್ತಿರ ಹೋಗಲೂ ಆಗದಿದ್ದರೆ, ಕೆಲಸ, ಮನೆ, ಮಕ್ಕಳು ಯಾವುದನ್ನೂ ನೋಡಿಕೊಳ್ಳಲು ಆಗದಿದ್ದರೆ ತೋರಿಸಿ. ಇಲ್ಲದ ಮಾತು ಕೇಳಿಸುತ್ತಿದ್ದರೆ ತಿಂಗಳು ಕಾಯಬೇಡಿ.

“ನಾನೂ ಅವರ ಜೊತೆ ಹೋಗಬೇಕಿತ್ತು” ಅಂದರೆ ಮಾತು ಮರೆಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ. ತೋಟದ ಮನೆಯಾದರೆ ಕೀಟನಾಶಕದ ಡಬ್ಬಿಯನ್ನು ಅವತ್ತೇ ಬೇರೆ ಕಡೆ ಸಾಗಿಸಿ. ಅವತ್ತೇ ಆಸ್ಪತ್ರೆಗೆ.

ಮಂಗಳೂರಿನಲ್ಲಿ ವೆನ್ಲಾಕ್, ಉಡುಪಿಯಲ್ಲಿ ಅಜ್ಜರಕಾಡು ಜಿಲ್ಲಾಸ್ಪತ್ರೆ. ಫೋನಿಗೆ ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಕೇಂದ್ರ ಸರಕಾರ ಶುರು ಮಾಡಿದ ಉಚಿತ ಸೇವೆ ಇದು, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಮಕ್ಕಳ ವಿಷಯಕ್ಕೆ 1098, ಎಲ್ಲ ತುರ್ತಿಗೂ 112. ನಂಬರ್ ಬರೆದುಕೊಟ್ಟು ಬಂದರೆ ಚೀಟಿ ಕಿಸೆಯಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ಕೂತು ಕರೆ ಮಾಡಿಸಿ.

ಎಷ್ಟು ದಿನ ಹೋಗಬೇಕು?

2020ರ ಸೆಪ್ಟೆಂಬರ್ 20ರಂದು ಉಡುಪಿ ಮುಳುಗಿತು. ಮೊದಲ ವಾರ ಬಿಸ್ಕತ್ತು, ಚಾಪೆ, ಹಳೇ ಬಟ್ಟೆ ಎಷ್ಟು ಬಂತು ಅಂದರೆ ಇಡಲು ಜಾಗ ಇರಲಿಲ್ಲ. ಮೂರನೇ ವಾರಕ್ಕೆ ಯಾರೂ ಇಲ್ಲ. ನೆಂಟರು ಹೋದರು, ಕ್ಯಾಮೆರಾ ಹೋಯಿತು. ಗೋಡೆಯ ತೇವ ಮಾತ್ರ ಹೋಗಿರಲಿಲ್ಲ. ಜನರಿಗೆ ಏನು ಕಳೆದುಕೊಂಡೆವು ಅಂತ ಲೆಕ್ಕ ಸಿಗುವುದು ಆ ಹೊತ್ತಿಗೆ.

ಅದಕ್ಕೆ ನಾನು ಎಲ್ಲ ಗುಂಪುಗಳಿಗೂ ಒಂದೇ ಮಾತು ಹೇಳುತ್ತೇನೆ. ಹತ್ತು ಜನ ಇದ್ದರೆ ಮೊದಲ ವಾರ ಮೂವರು ಹೋಗಿ. ಉಳಿದ ಏಳು ಜನ ಆಮೇಲಿನ ತಿಂಗಳುಗಳಿಗೆ ಇರಲಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ: ಮೂರನೇ ವಾರ, ಮೊದಲ ಹಬ್ಬ, ಮುಂದಿನ ಜೂನಿನ ಮೊದಲ ಜೋರು ಮಳೆ, ವರ್ಷಾಂತಿಕ. ಆ ದಿನ ಹೋಗಿ ಚಾ ಕುಡಿದು ಬನ್ನಿ, ಸಾಕು.

ಒಂದು ಮನೆಯಲ್ಲ, ಇಡೀ ಊರೇ ನೊಂದಿದೆ. ಊರಿಗೆ ಬೆಂಬಲ ಕೊಡುವುದು ಹೇಗೆ?

ಊರು ಒಟ್ಟಾಗಿ ನೆನಪಿಟ್ಟುಕೊಳ್ಳಲು ಬಿಡಬೇಕು. 1923ರ ನೇತ್ರಾವತಿ ನೆರೆಯನ್ನು ಬಂಟ್ವಾಳ, ಉಪ್ಪಿನಂಗಡಿ ಕಡೆ ಇವತ್ತಿಗೂ ‘ಮಾರಿ ಬೊಳ್ಳ’ (ಮಹಾ ನೆರೆ) ಅನ್ನುತ್ತಾರೆ. 1974ರ ನೆರೆ ಎಲ್ಲಿವರೆಗೆ ಬಂದಿತ್ತು ಅಂತ ಗೋಡೆ ಮುಟ್ಟಿ ತೋರಿಸುವವರಿದ್ದಾರೆ. ಮೇ 22 ಬಂದರೆ ಕೂಳೂರಿನ ವಿಮಾನ ದುರಂತ ಸ್ಮಾರಕಕ್ಕೆ ಈಗಲೂ ಹೂವು ಇಡಲು ಜನ ಹೋಗುತ್ತಾರೆ. ಉಳಿದಂತೆ ನಿಂತುಹೋದದ್ದನ್ನು ಮತ್ತೆ ಶುರು ಮಾಡಿಸಿ: ಹಾಲಿನ ಡಿಪೊ, ಅಂಗನವಾಡಿ, ಭಜನೆ, ವಾಲಿಬಾಲ್, ಸಂಜೆಯ ಕಟ್ಟೆ ಪಂಚಾಯಿತಿಕೆ. ಪರಿಹಾರ ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದಾಗ ಊರು ಒಡೆಯುತ್ತದೆ. ಯಾರಿಗೆ ಏನು, ಯಾಕೆ ಅನ್ನುವ ಪಟ್ಟಿಯನ್ನು ಪಂಚಾಯತ್ ಎದುರು ಅಂಟಿಸಲು ಒತ್ತಾಯ ಮಾಡಿ.

ಮನೆಗೆ ಬಂದ ಮೇಲೆ ನನಗೇ ನಿದ್ದೆ ಬರುವುದಿಲ್ಲ.

ಬಾರದು. ಒಬ್ಬರೇ ಹೋಗಬೇಡಿ, ಜೋಡಿಯಾಗಿ ಹೋಗಿ. ಬರುವಾಗ ದಾರಿಯಲ್ಲಿ ಹೋಟೆಲಿಗೆ ಹೊಕ್ಕು ಚಾ ಕುಡಿದು, ಆ ದಿನದ್ದನ್ನು ಜೊತೆಯವರ ಹತ್ತಿರ ಹೇಳಿ ಆಮೇಲೆ ಮನೆಗೆ ಹೋಗಿ. ನಿಮ್ಮ ಮನೆಗೂ ನೀರು ನುಗ್ಗಿದ್ದರೆ ಮೊದಲು ನಿಮ್ಮ ಮನೆ. ನಾಲ್ಕು ದಿನ ಹೋಗಲಿಲ್ಲ ಅಂತ ಯಾರೂ ಬೈಯುವುದಿಲ್ಲ. ಬೈದರೆ ನನ್ನ ಹೆಸರು ಹೇಳಿ. 14416 ನಿಮಗೂ ಸೇರಿಯೇ ಇರುವುದು.

ಚೀಲದಲ್ಲಿ ಎಂತ ಇಟ್ಟುಕೊಂಡು ಹೋಗಲಿ?

ಟಾರ್ಚ್, ಎಲ್ಲ ಪಿನ್ನೂ ಇರುವ ಚಾರ್ಜರ್, ಪವರ್ ಬ್ಯಾಂಕ್. ನೋಟ್‌ಬುಕ್, ಎರಡು ಪೆನ್, ಅರ್ಜಿಗೆ ಬಿಳಿ ಹಾಳೆ, ಕಾಗದ ಹಾಕಿಡಲು ಪ್ಲಾಸ್ಟಿಕ್ ಕವರ್. ಪ್ಯಾಡ್ ಪ್ಯಾಕೆಟ್, ಒಳ ಉಡುಪು, ಬೈರಾಸು (ಮೈ ಒರೆಸುವ ಬಟ್ಟೆ). ಮಕ್ಕಳಿಗೆ ಕ್ರೇಯಾನ್. ಅಜ್ಜಂದಿರಿಗೆ ಎಲೆ ಅಡಿಕೆ. ನಗಬೇಡಿ, ಅದು ಸಿಕ್ಕಿದರೇ ಅವರು ಮಾತಾಡುವುದು. ಮತ್ತೆ ಓದುವ ಕನ್ನಡಕ, ಬೇರೆ ಬೇರೆ ಪವರಿನದ್ದು ಮೂರ್ನಾಲ್ಕು. ಸಂತೆಯಲ್ಲಿ ಕಡಿಮೆಗೆ ಸಿಗುತ್ತದೆ. ನೆರೆಯಲ್ಲಿ ಎಲ್ಲರ ಕನ್ನಡಕವೂ ಹೋಗಿರುತ್ತದೆ, ಎದುರಿಗಿಟ್ಟ ಕಾಗದದಲ್ಲಿ ಏನಿದೆ ಅಂತ ಕಾಣದೆಯೇ ಸಹಿ ಹಾಕುತ್ತಿರುತ್ತಾರೆ.